ಕಿವಿಯ ಕೆಳಗಿನ ಗಂಟು ಮತ್ತು ಹದಿನೈದು ವರ್ಷದ ಲೆಕ್ಕ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೊರಟ ಬಸ್ಸು ಊರು ಬಿಡುವ ಮೊದಲು ಹಡಪಸರವನ್ನು ಹಾದು ಹೋಗುತ್ತದೆ. ಒಂದು ಕಾಲಕ್ಕೆ ಹೊಲ, ತೋಟ, ಕುದುರೆ ಲಾಯಗಳಿದ್ದ ಜಾಗ. ಇವತ್ತು ಮಗರಪಟ್ಟಾದ ಐಟಿ ಕಟ್ಟಡಗಳು, ಮೇಲ್ಸೇತುವೆ, ಮುಗಿಯದ ಟ್ರಾಫಿಕ್ಕು. ಸೈರಸ್ ಪೂನಾವಾಲಾ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟನ್ನು ಶುರು ಮಾಡಿದ್ದು ಇಲ್ಲೇ. ಅವರ ಮನೆತನದ ಕುದುರೆ ಫಾರ್ಮಿನಲ್ಲಿ ವಯಸ್ಸಾದ ಕುದುರೆಗಳು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಹೋಗುತ್ತಿದ್ದವು, ಅವುಗಳ ರಕ್ತದಿಂದ ಅಲ್ಲಿ ಸೀರಂ ತಯಾರಾಗುತ್ತಿತ್ತು. ಆ ಕೆಲಸವನ್ನು ನಾವೇ ಯಾಕೆ ಮಾಡಬಾರದು ಎಂಬ ಯೋಚನೆಯಿಂದ ಹುಟ್ಟಿದ ಕಂಪನಿ ಮುಂದೆ ಪ್ರಪಂಚದ ಅತಿ ದೊಡ್ಡ ಲಸಿಕೆ ತಯಾರಕರಲ್ಲಿ ಒಂದಾಯಿತು. ಅಲ್ಲಿ ತಯಾರಾಗುವ ಲಸಿಕೆಗಳಲ್ಲಿ ದಡಾರ, ರುಬೆಲ್ಲಾಗಳ ಜೊತೆಗೆ ಮಂಗನಬಾವಿಗೂ ಸೇರಿಸಿ ಕೊಡುವ ಲಸಿಕೆ ಒಂದು.

ಮಂಗನಬಾವು, ಕೆಲವು ಕಡೆ ಕೆಪ್ಪಟೆ ಎನ್ನುತ್ತಾರೆ, ಕಿವಿಯ ಮುಂದೆ ಮತ್ತು ಕೆಳಗೆ ಇರುವ ಜೊಲ್ಲುಗ್ರಂಥಿಯ ರೋಗ. ಒಂದು ವಾರ ಕೆನ್ನೆ ಉಬ್ಬುತ್ತದೆ, ಜ್ವರ, ನೋವು, ಆಮೇಲೆ ಇಳಿಯುತ್ತದೆ. ಹಾಗಾಗಿ ಕಿವಿಯ ಕೆಳಗೆ ಏನು ಉಬ್ಬಿದರೂ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ಅದೇ. ಇಲ್ಲದಿದ್ದರೆ ಹಲ್ಲಿನ ಬಾವು. ಆದರೆ ಅದೇ ಗ್ರಂಥಿಯಲ್ಲಿ ಇನ್ನೊಂದು ಬಗೆಯ ಊತ ಬರುತ್ತದೆ. ಅದು ನೋಯುವುದಿಲ್ಲ, ಜ್ವರ ತರುವುದಿಲ್ಲ, ಇಳಿಯುವುದೂ ಇಲ್ಲ. ಗೋಲಿಯಷ್ಟು ಇದ್ದದ್ದು ಎರಡು ವರ್ಷಕ್ಕೆ ನೆಲ್ಲಿಕಾಯಿಯಷ್ಟಾಗುತ್ತದೆ. ನೋವಿಲ್ಲದ್ದಕ್ಕೆ ಡಾಕ್ಟರ ಹತ್ತಿರ ಹೋಗುವವರು ಕಡಿಮೆ. ಈ ಊತದ ಚರಿತ್ರೆಯನ್ನು ಬರೆಯಹೊರಟರೆ ಅದರ ಬಹುಪಾಲು ಕಾಯುವಿಕೆಯ ಚರಿತ್ರೆಯೇ. ರೋಗಿ ಕಾದದ್ದು, ವೈದ್ಯರು ಕಾದದ್ದು, ರೋಗವೂ ಕಾದದ್ದು.

ಹಡಪಸರ ಎಂಬ ಹೆಸರು ಕೇಳಿದ ಕನ್ನಡಿಗರ ಕಿವಿಗೆ ಹಡಪ ಎಂಬ ಪದ ತಾಗದೆ ಇರದು. ಹಡಪವೆಂದರೆ ಎಲೆಯಡಿಕೆಯ ಚೀಲ. ಬಸವಣ್ಣನವರಿಗೆ ಅದನ್ನು ಹಿಡಿಯುತ್ತಿದ್ದ ಅಪ್ಪಣ್ಣ ಹಡಪದ ಅಪ್ಪಣ್ಣನಾದ. ಹೋಲಿಕೆ ಕಿವಿಗಷ್ಟೇ ಸೇರಿದ್ದು, ಊರಿನ ಹೆಸರಿಗೂ ಚೀಲಕ್ಕೂ ಗಂಟುಹಾಕುವ ಅಗತ್ಯವಿಲ್ಲ. ಆದರೆ ಎಲೆಯಡಿಕೆಯ ಜೊತೆಗೆ ತಂಬಾಕು ಸೇರಿದ ಮೇಲೆ ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಎಂದರೆ ಜಗಿಯುವ ಚಟ ಎಂಬ ಲೆಕ್ಕ ಗಟ್ಟಿಯಾಗಿ ನಿಂತಿದೆ. ನಾಲಿಗೆ, ಕೆನ್ನೆಯ ಒಳಮೈ, ವಸಡುಗಳ ಮಟ್ಟಿಗೆ ಆ ಲೆಕ್ಕ ಸರಿ. ಜೊಲ್ಲುಗ್ರಂಥಿಯ ಕ್ಯಾನ್ಸರಿಗೆ ಅದು ಹೊಂದುವುದಿಲ್ಲ. ಸಿಗರೇಟಿಗೆ ಅಂಟಿಕೊಂಡು ಬರುವ ಒಂದು ಗಂಟು ಈ ಗ್ರಂಥಿಯಲ್ಲಿದೆ, ವಾರ್ಥಿನ್ ಗಂಟು ಎಂದು ಹೆಸರು, ಅದು ಕ್ಯಾನ್ಸರಲ್ಲ. ಉಳಿದವು ಎಲೆಯಡಿಕೆ ಮುಟ್ಟದವರಿಗೂ ಬರುತ್ತವೆ, ಮೂವತ್ತರ ಹರೆಯದ ಹೆಂಗಸರಿಗೂ ಬರುತ್ತವೆ. ‘ಏನು ಜಗಿಯುತ್ತಿದ್ದಿರಿ?’ ಎಂದು ನೆಂಟರಿಂದ ಹಿಡಿದು ಎಲ್ಲರೂ ಕೇಳುವಾಗ ಇಂಥ ರೋಗಿ ಮಾಡದ ತಪ್ಪಿಗೆ ಉತ್ತರ ಕೊಡುತ್ತ ಕೂರಬೇಕಾಗುತ್ತದೆ.

ಅಮೆರಿಕದಲ್ಲೂ ಈ ಗೊಂದಲ ದೊಡ್ಡದಾಗಿಯೇ ನಡೆಯಿತು. ಸ್ಯಾನ್ ಡಿಯೆಗೊ ತಂಡದ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ 2014ರಲ್ಲಿ ಕಿವಿಯ ಬಳಿಯ ಜೊಲ್ಲುಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡ. ವರ್ಷಾನುಗಟ್ಟಲೆ ತುಟಿಯೊಳಗೆ ಒತ್ತಿಟ್ಟುಕೊಂಡ ತಂಬಾಕೇ ಇದಕ್ಕೆ ಕಾರಣ ಎಂದು ಅವನೇ ನಂಬಿದ್ದ. ಅವನ ಸಾವಿನ ನಂತರ ಆ ಆಟದಲ್ಲಿ ತಂಬಾಕಿನ ವಿರುದ್ಧ ಚಳವಳಿಗೆ ಬಲ ಬಂತು, 2016ರ ಒಪ್ಪಂದದಲ್ಲಿ ಹೊಸ ಆಟಗಾರರಿಗೆ ಅದನ್ನು ನಿಷೇಧಿಸಲಾಯಿತು. ನಿಷೇಧ ಒಳ್ಳೆಯದೇ. ಆದರೆ ವಿಜ್ಞಾನ ಆ ಕೊಂಡಿಯನ್ನು ತೋರಿಸಿಕೊಟ್ಟಿರಲಿಲ್ಲ.

ಗಟ್ಟಿಯಾಗಿ ತೋರಿಸಿಕೊಟ್ಟ ಕಾರಣ ಬೇರೆ. ಹಿರೋಶಿಮಾ ಮತ್ತು ನಾಗಸಾಕಿಗಳಲ್ಲಿ ಬದುಕುಳಿದವರನ್ನು 1950ರಿಂದ ಹಿಂಬಾಲಿಸಿದ ಅಧ್ಯಯನದಲ್ಲಿ, ಹೆಚ್ಚು ವಿಕಿರಣಕ್ಕೆ ಮೈಯೊಡ್ಡಿದವರಲ್ಲಿ ಜೊಲ್ಲುಗ್ರಂಥಿಯ ಗಂಟುಗಳು ಹೆಚ್ಚು ಎಂಬುದು ಹೊರಬಂತು. ಅದರಲ್ಲೂ ಮ್ಯೂಕೋಎಪಿಡರ್ಮಾಯ್ಡ್ ಎಂಬ ಬಗೆಯದು ವಿಕಿರಣದ ಪ್ರಮಾಣದ ಜೊತೆಗೇ ಏರುತ್ತಿತ್ತು. ಇಸ್ರೇಲಿನಲ್ಲಿ ತಲೆಯ ಹುಳುಕಡ್ಡಿಗೆ ಎಕ್ಸ್-ರೇ ಚಿಕಿತ್ಸೆ ಪಡೆದ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದಾಗಲೂ ಅದೇ ಕಥೆ. ಕೆಲವೇ ದಿನಗಳ ಚಿಕಿತ್ಸೆ, ಅದರ ಫಲ ಕಾಣಲು ಹತ್ತಿಪ್ಪತ್ತು ವರ್ಷ. ಇವರನ್ನು ಯಾರೂ ಹಿಂಬಾಲಿಸದೆ ಹೋಗಿದ್ದರೆ ಕಾರಣ ಯಾರಿಗೂ ತಿಳಿಯುತ್ತಿರಲಿಲ್ಲ.

ಈ ರೋಗದ ಶಾಸ್ತ್ರ ಶುರುವಾದದ್ದು ಥಿಯೊಡೋರ್ ಬಿಲ್‌ರೋತ್ ಎಂಬ ಶಸ್ತ್ರವೈದ್ಯನಿಂದ ಎನ್ನಬಹುದು. ಮುಂದೆ ವಿಯೆನ್ನಾದಲ್ಲಿ ಹೊಟ್ಟೆಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಪ್ರಸಿದ್ಧನಾದವನು, ಸಂಗೀತಗಾರ ಬ್ರಾಮ್ಸ್‌ನ ಆಪ್ತ ಸ್ನೇಹಿತ. 1859ರಲ್ಲಿ, ಮೂವತ್ತು ತುಂಬಿದ ವರ್ಷ, ಜೊಲ್ಲುಗ್ರಂಥಿಯ ಗಂಟುಗಳ ಬಗ್ಗೆ ಬರೆದ ಲೇಖನದಲ್ಲಿ ಒಂದಕ್ಕೆ ಸಿಲಿಂಡ್ರೋಮಾ ಎಂದು ಹೆಸರಿಟ್ಟ. ಸೂಕ್ಷ್ಮದರ್ಶಕದಡಿ ಪಾರದರ್ಶಕ ಕೊಳವೆಗಳಂತೆ ಕಂಡಿತು, ಅದಕ್ಕೆ ಆ ಹೆಸರು. ನೋಡಲು ಚೆಂದ, ಕೇಳಲು ನಿರಪಾಯ. ಇವತ್ತು ಅದನ್ನು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎನ್ನುತ್ತಾರೆ, ಈ ಗ್ರಂಥಿಗಳ ಕ್ಯಾನ್ಸರುಗಳಲ್ಲಿ ಅತ್ಯಂತ ತಾಳ್ಮೆಯದ್ದು ಅದೇ.

ಗ್ರಂಥಿಗಳೂ ಒಂದೆರಡಲ್ಲ. ಕಿವಿಯ ಬಳಿ, ದವಡೆಯ ಕೆಳಗೆ, ನಾಲಿಗೆಯ ಕೆಳಗೆ ಎಂದು ಮೂರು ದೊಡ್ಡ ಜೋಡಿ. ಅದಲ್ಲದೆ ತುಟಿ, ಅಂಗುಳ, ಕೆನ್ನೆಗಳ ಒಳಮೈಯಲ್ಲಿ ನೂರಾರು ಚಿಕ್ಕವು. ವಿಚಿತ್ರವೆಂದರೆ ಗ್ರಂಥಿ ಚಿಕ್ಕದಾದಷ್ಟೂ ಅದರಲ್ಲಿ ಬಂದ ಗಂಟು ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು. ಕಿವಿಯ ಬಳಿಯ ಗಂಟುಗಳಲ್ಲಿ ಸುಮಾರು ಐದರಲ್ಲೊಂದು ಕೆಟ್ಟದ್ದಿದ್ದರೆ, ಅಂಗುಳದ ಚಿಕ್ಕ ಗ್ರಂಥಿಗಳಲ್ಲಿ ಅರ್ಧದಷ್ಟು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಆಸ್ಪತ್ರೆಯ ರೊನಾಲ್ಡ್ ಸ್ಪೈರೊ 35 ವರ್ಷಗಳಲ್ಲಿ ಬಂದ 2,807 ರೋಗಿಗಳ ಲೆಕ್ಕವನ್ನು 1986ರಲ್ಲಿ ಪ್ರಕಟಿಸಿದಾಗ ಶೇಕಡಾ 70ರಷ್ಟು ಗಂಟುಗಳು ಕಿವಿಯ ಬಳಿಯವೇ ಆಗಿದ್ದವು. ಒಂದೇ ಆಸ್ಪತ್ರೆಯಲ್ಲಿ ಇಷ್ಟು ಅಪರೂಪದ ರೋಗದ ಇಷ್ಟು ಜನರನ್ನು ಒಟ್ಟುಮಾಡಲು ಒಬ್ಬ ವೈದ್ಯನ ಇಡೀ ಸೇವಾವಧಿಯಷ್ಟು ಕಾಲ ಬೇಕಾಯಿತು.

ಮೊದಮೊದಲು ಕಿವಿಯ ಬಳಿಯ ಗಂಟನ್ನು ತೆಗೆಯುವುದೆಂದರೆ ಅವರೆಕಾಳು ಹಿಚುಕಿದಂತೆ ಬಿಡಿಸಿ ತೆಗೆಯುವುದು. ಅದಕ್ಕೆ ಕಾರಣವಿತ್ತು. ಮುಖದ ಸ್ನಾಯುಗಳನ್ನು ಆಡಿಸುವ ನರ ಈ ಗ್ರಂಥಿಯ ನಡುವೆಯೇ ಹಾದು ಐದು ಕವಲಾಗುತ್ತದೆ. ಅದು ತುಂಡಾದರೆ ಕಣ್ಣು ಮುಚ್ಚುವುದಿಲ್ಲ, ಬಾಯಿ ಒಂದು ಕಡೆಗೆ ಜೋತುಬೀಳುತ್ತದೆ. ನರಕ್ಕೆ ಹೆದರಿ ಗಂಟನ್ನಷ್ಟೇ ಹಿಚುಕಿ ತೆಗೆದರೆ ರೋಗಿ ನಗುತ್ತಲೇ ಮನೆಗೆ ಹೋಗುತ್ತಿದ್ದ, ಹತ್ತು ವರ್ಷದ ಮೇಲೆ ಒಂದರ ಬದಲು ಹತ್ತು ಗಂಟು ಹೊತ್ತು ಮರಳುತ್ತಿದ್ದ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಡೇವಿಡ್ ಪೇಟಿ ಮತ್ತು ಥ್ಯಾಕ್ರೆ 1958ರಲ್ಲಿ ತೆಗೆದ ಗ್ರಂಥಿಗಳನ್ನು ಸೀಳಿ ನೋಡಿ ಕಾರಣ ತೋರಿಸಿದರು. ಗಂಟಿನ ಸುತ್ತ ಇರುವ ಸಿಪ್ಪೆ ಪೂರ್ತಿಯಿಲ್ಲ, ಅದರಿಂದಾಚೆಗೆ ಸಣ್ಣ ಮೊಳಕೆಗಳು ಚಾಚಿರುತ್ತವೆ, ಹಿಚುಕಿ ತೆಗೆದಾಗ ಅವು ಒಳಗೇ ಉಳಿಯುತ್ತವೆ. ನರವನ್ನು ಮೊದಲು ಹುಡುಕಿ, ಅದನ್ನು ಕಾಪಾಡಿಕೊಂಡು, ಮೇಲಿನ ಗ್ರಂಥಿಯ ಭಾಗವನ್ನೇ ಗಂಟಿನೊಂದಿಗೆ ತೆಗೆಯುವ ಪದ್ಧತಿ ಆಮೇಲೆ ನೆಲೆಗೊಂಡಿತು.

ಕ್ಯಾನ್ಸರಲ್ಲದ ಈ ಮಿಶ್ರ ಗಂಟನ್ನು ಹಾಗೇ ಬಿಟ್ಟರೂ ಕೆಡುತ್ತದೆ. ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವ ಅಂಕಿಯೊಂದಿದೆ: ಮೊದಲ ಐದು ವರ್ಷಗಳಲ್ಲಿ ಅದು ಕ್ಯಾನ್ಸರಾಗಿ ತಿರುಗುವ ಸಂಭವ ಶೇಕಡಾ ಒಂದೂವರೆಯಷ್ಟು, ಹದಿನೈದು ವರ್ಷ ದಾಟಿದರೆ ಶೇಕಡಾ ಒಂಬತ್ತೂವರೆಯಷ್ಟು. ‘ಇಪ್ಪತ್ತು ವರ್ಷದಿಂದ ಇದೆ, ಏನೂ ಮಾಡಿಲ್ಲ’ ಎಂಬ ಮಾತು ಇಲ್ಲಿ ಸಮಾಧಾನದ ಮಾತಲ್ಲ.

ಹೆಸರಿಡುವುದರಲ್ಲೂ ಕಾಲವೇ ತೀರ್ಪು ಕೊಟ್ಟಿತು. ಮೆಮೋರಿಯಲ್ ಆಸ್ಪತ್ರೆಯ ಸ್ಟುವರ್ಟ್, ಫೂಟ್ ಮತ್ತು ಬೆಕರ್ 1945ರಲ್ಲಿ ಮ್ಯೂಕೋಎಪಿಡರ್ಮಾಯ್ಡ್ ಗಂಟುಗಳನ್ನು ಗುರುತಿಸಿ ಒಳ್ಳೆಯವು, ಕೆಟ್ಟವು ಎಂದು ಎರಡು ಗುಂಪು ಮಾಡಿದರು. ಎಂಟು ವರ್ಷಗಳ ನಂತರ, 1953ರಲ್ಲಿ, ಅದೇ ಫೂಟ್ ಮತ್ತು ಎಡ್ಗರ್ ಫ್ರೇಜೆಲ್ ಆ ವಿಂಗಡಣೆಯನ್ನು ಕೈಬಿಟ್ಟರು. ಒಳ್ಳೆಯದೆಂದು ಕರೆದ ಗುಂಪಿನಲ್ಲೂ ಕೆಲವು ಬೇರೆಡೆಗೆ ಹರಡಿದ್ದವು. ಗಂಟು ಬದಲಾಗಿರಲಿಲ್ಲ, ನೋಡುವ ಅವಧಿ ಉದ್ದವಾಗಿತ್ತು ಅಷ್ಟೆ.

ಬಿಲ್‌ರೋತನ ಸಿಲಿಂಡ್ರೋಮಾದ ವಿಷಯದಲ್ಲಂತೂ ಅವಧಿಯೇ ಎಲ್ಲ. ಕ್ಯಾನ್ಸರಿನ ಲೆಕ್ಕವನ್ನು ಐದು ವರ್ಷದ ಗೆರೆಯಲ್ಲಿ ಹಾಕುವುದು ರೂಢಿ. ಐದು ದಾಟಿದರೆ ಗೆದ್ದಂತೆ ಎಂದು ರೋಗಿಯ ಮನೆಯವರೂ ಅಂದುಕೊಳ್ಳುತ್ತಾರೆ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆ 160 ರೋಗಿಗಳ ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿತು. ಈ ಕ್ಯಾನ್ಸರಿನಿಂದ ಸಾಯದೆ ಉಳಿದವರು ಐದು ವರ್ಷಕ್ಕೆ ಶೇಕಡಾ 89, ಹತ್ತಕ್ಕೆ 67, ಹದಿನೈದಕ್ಕೆ 40. ಮೊದಲ ಅಂಕಿಯನ್ನು ಮಾತ್ರ ಕಂಡವರಿಗೆ ಇದು ಸೌಮ್ಯ ರೋಗ. ಮೂರನೆಯದನ್ನು ಕಂಡವರಿಗೆ ಬೇರೆಯೇ ರೋಗ. ಇದು ನರದ ಕವಚದೊಳಗೆ ನುಸುಳಿ ಗಂಟಿನಿಂದ ದೂರಕ್ಕೆ ತೆವಳುತ್ತದೆ, ವರ್ಷಗಳ ನಂತರ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಕಂಡ ಮೇಲೂ ರೋಗಿ ಕೆಲಸಕ್ಕೆ ಹೋಗುತ್ತ, ಮಗಳ ಮದುವೆ ಮಾಡುತ್ತ ಹಲವು ವರ್ಷ ಬದುಕುವುದುಂಟು. ಅವಸರದಲ್ಲಿ ಕೊಟ್ಟ ಕಟುವಾದ ಔಷಧಿಗಿಂತ ನೋಡುತ್ತ ಕಾಯುವುದೇ ಮೇಲು ಎಂದು ತಜ್ಞರು ಹೇಳುವ ಸಂದರ್ಭಗಳೂ ಇವೆ.

ಇಷ್ಟು ದೀರ್ಘವಾಗಿ ಹಿಂಬಾಲಿಸುವುದು ಭಾರತದಲ್ಲಿ ಹೇಗೆ? ಇಂಡಿಯನ್ ಕ್ಯಾನ್ಸರ್ ಸೊಸೈಟಿಯನ್ನು 1951ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಶಸ್ತ್ರವೈದ್ಯ ಡಿ.ಜೆ. ಜುಸ್ಸಾವಾಲಾ 1963ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಆರಂಭಿಸಿದರು. ಅದರ ಶಾಖೆಯಾಗಿ 1972ರಲ್ಲಿ ಪುಣೆಯ ನೋಂದಣಿ ಶುರುವಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಹುಟ್ಟಿತು, ಅಲ್ಲಿನ ನೋಂದಣಿ ರಾಷ್ಟ್ರೀಯ ಕಾರ್ಯಕ್ರಮದಡಿ ಮುಂಬಯಿ, ಮದರಾಸುಗಳ ಜೊತೆಗೆ 1982ರಿಂದ ಲೆಕ್ಕವಿಡತೊಡಗಿತು. ನೋಂದಣಿ ಎಂದರೆ ಕಚೇರಿಯಲ್ಲಿ ಕೂತು ಬಂದ ಕಾಗದಕ್ಕೆ ಠಸ್ಸೆ ಹೊಡೆಯುವ ಕೆಲಸವಲ್ಲ. ಸಿಬ್ಬಂದಿಯೇ ಆಸ್ಪತ್ರೆ, ಲ್ಯಾಬು, ಪಾಲಿಕೆಯ ಮರಣ ದಾಖಲೆಗಳನ್ನು ಸುತ್ತಿ ಹೆಸರುಗಳನ್ನು ಹೆಕ್ಕಬೇಕು. ಒಬ್ಬನೇ ರೋಗಿ ಮೂರು ಆಸ್ಪತ್ರೆಯಲ್ಲಿ ಮೂರು ಕಾಗುಣಿತದಲ್ಲಿ ಇದ್ದರೆ ಒಂದು ಮಾಡಬೇಕು. ಜೊಲ್ಲುಗ್ರಂಥಿಯ ಕ್ಯಾನ್ಸರ್ ಇಂಥ ವರದಿಗಳಲ್ಲಿ ಒಂದು ಸಣ್ಣ ಸಾಲು, ಲಕ್ಷ ಜನರಿಗೆ ವರ್ಷಕ್ಕೆ ಒಂದರ ಒಳಗೆ.

ಎಣಿಸುವುದು ಒಂದು, ಹಿಂಬಾಲಿಸುವುದು ಇನ್ನೊಂದು. ಹಡಪಸರದಂಥ ಕಡೆ ಕಷ್ಟ ಶುರುವಾಗುವುದು ಇಲ್ಲಿ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಪುಣೆಗೆ ಬರುವವರಿಗೆ ಸೊಲ್ಲಾಪುರದ ರಸ್ತೆಯೇ ಬಾಗಿಲು. ಆಸ್ಪತ್ರೆಯ ಕಾರ್ಡಿನಲ್ಲಿ ಬರೆಸುವುದು ಬಾಡಿಗೆ ಖೋಲಿಯ ವಿಳಾಸ. ಆಪರೇಷನ್ನು, ವಿಕಿರಣ ಚಿಕಿತ್ಸೆ ಮುಗಿದ ಮೇಲೆ ಎರಡು ವರ್ಷ ತಪಾಸಣೆಗೆ ಬಂದಾರು. ಕೆಲಸ ಮುಗಿದರೆ ಊರಿಗೆ, ಇಲ್ಲವೇ ಇನ್ನೊಂದು ನಗರಕ್ಕೆ. ಫೋನ್ ನಂಬರು ಬದಲಾಗುತ್ತದೆ. ಏಳನೆಯ ವರ್ಷ ಶ್ವಾಸಕೋಶದಲ್ಲಿ ಗಂಟು ಬಂದಾಗ ಅದನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಕಿವಿಯ ಕೆಳಗಿನ ಹಳೆಯ ಗಾಯದ ಕಥೆ ಹೇಳುವವರಿಲ್ಲ. ಕ್ಷಯವಿರಬಹುದು ಎಂದು ಗುಳಿಗೆ ಶುರುವಾಗುವುದೂ ಸಾಧ್ಯ.

ಲೆಕ್ಕಶಾಸ್ತ್ರ ಇಂಥವರನ್ನು ‘ಸಂಪರ್ಕ ತಪ್ಪಿದವರು’ ಎಂಬ ಗೂಡಿಗೆ ಹಾಕುತ್ತದೆ. ಕಪ್ಲಾನ್ ಮತ್ತು ಮಯರ್ 1958ರಲ್ಲಿ ಕೊಟ್ಟ ವಿಧಾನದಲ್ಲಿ, ಕೊನೆಯ ಸಲ ಕಂಡ ದಿನದವರೆಗೆ ಅವರನ್ನು ಬದುಕಿದವರೆಂದು ಎಣಿಸಿ, ಆಮೇಲೆ ಪಟ್ಟಿಯಿಂದ ಇಳಿಸುತ್ತಾರೆ. ತಪ್ಪಿಹೋದವರ ಗತಿ ಉಳಿದವರದ್ದರಂತೆಯೇ ಇತ್ತು ಎಂಬುದು ಅದರ ನಂಬಿಕೆ. ಬಡವರೇ ಹೆಚ್ಚು ತಪ್ಪಿಹೋಗುವ, ಕಾಯಿಲೆ ಜೋರಾದವರೇ ಊರಿಗೆ ಮರಳುವ ಕಡೆ ಆ ನಂಬಿಕೆ ನಿಲ್ಲುವುದಿಲ್ಲ. ಬದುಕಿದವರ ಶೇಕಡಾವಾರು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಬೇಗ ಕೊಲ್ಲುವ ಕ್ಯಾನ್ಸರಿನಲ್ಲಿ ಈ ದೋಷ ಸಣ್ಣದು. ಹದಿನೈದು ವರ್ಷ ಹಿಡಿಯುವ ಕ್ಯಾನ್ಸರಿನಲ್ಲಿ ಅದೇ ಇಡೀ ಚಿತ್ರ.

ಇದಕ್ಕೆ ಉತ್ತರವೂ ಅದೇ ರಸ್ತೆಯ ಆಚೆ ತುದಿಯ ಜಿಲ್ಲೆಯಲ್ಲಿ ಸಿಕ್ಕಿತು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಬಾರ್ಶಿ, ಪರಂಡಾ, ಭೂಮ್ ತಾಲ್ಲೂಕುಗಳ ಮುನ್ನೂರಕ್ಕೂ ಹೆಚ್ಚು ಹಳ್ಳಿ. ಆಸ್ಪತ್ರೆಯ ದಾಖಲೆ ನೋಡಿದರೆ ಸಾಲದು, ಅಲ್ಲಿಯವರೆಗೆ ಬರದ ರೋಗಿಗಳೇ ಹೆಚ್ಚು ಎಂದು ಕಾರ್ಯಕರ್ತರೇ ಹಳ್ಳಿಗಳಿಗೆ ಹೋದರು. ಜನರನ್ನು ಸೇರಿಸಿ ಯಾವ ಲಕ್ಷಣ ಕಂಡರೆ ಬರಬೇಕು ಎಂದು ಹೇಳಿದರು, ಯಾರು ಸತ್ತರು, ಏನಾಗಿತ್ತು ಎಂದು ಕೇಳಿ ಬರೆದುಕೊಂಡರು. ಕೆಲವು ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಆರಂಭದ ಹಂತದಲ್ಲೇ ಸಿಗತೊಡಗಿತು. ಲಿಯಾನ್‌ನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1998ರಲ್ಲಿ ಅಭಿವೃದ್ಧಿಶೀಲ ದೇಶಗಳ ಕ್ಯಾನ್ಸರ್ ರೋಗಿಗಳು ಎಷ್ಟು ಕಾಲ ಬದುಕುತ್ತಾರೆ ಎಂಬ ಗ್ರಂಥ ತಂದಾಗ ಭಾರತದಿಂದ ಸೇರಿದ್ದು ನಾಲ್ಕು ಕಡೆಯ ಲೆಕ್ಕ: ಮುಂಬಯಿ, ಮದರಾಸು, ಬೆಂಗಳೂರು ಮತ್ತು ಬಾರ್ಶಿ. ಮೂರು ಮಹಾನಗರಗಳ ಪಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ.

ಇನ್ನು ವಂಶವಾಹಿಗಳ ಕಥೆ. ರೋಗಿಯನ್ನು ಹದಿನೈದು ವರ್ಷ ಹಿಂಬಾಲಿಸದೆ, ಮೊದಲ ದಿನವೇ ಗಂಟಿನೊಳಗೆ ನೋಡಿ ಮುಂದಿನದನ್ನು ಹೇಳಬಹುದೇ ಎಂಬ ಆಸೆ ಇದರ ಹಿಂದಿದೆ. ಸ್ವೀಡನ್ನಿನ ಗೋಟೆನ್‌ಬರ್ಗಿನ ಗೋರಾನ್ ಸ್ಟೆನ್‌ಮನ್ 1980ರ ದಶಕದಿಂದ ಜೊಲ್ಲುಗ್ರಂಥಿಯ ಗಂಟುಗಳ ವರ್ಣತಂತುಗಳನ್ನು ನೋಡುತ್ತ ಬಂದವರು. ಕೆಲವು ಗಂಟುಗಳಲ್ಲಿ ಎರಡು ವರ್ಣತಂತುಗಳು ತುಂಡಾಗಿ, ತುಣುಕುಗಳು ಅದಲುಬದಲಾಗಿ ಅಂಟಿಕೊಂಡಿರುತ್ತಿದ್ದವು. ಎಲ್ಲಿ ಅಂಟಿತೋ ಅಲ್ಲಿ ಎರಡು ಜೀನುಗಳು ಬೆಸೆದು ಒಂದಾಗುತ್ತವೆ. ಮ್ಯೂಕೋಎಪಿಡರ್ಮಾಯ್ಡ್ ಗಂಟಿನಲ್ಲಿ ಹನ್ನೊಂದು ಮತ್ತು ಹತ್ತೊಂಬತ್ತನೆಯ ವರ್ಣತಂತುಗಳ ಇಂಥ ಬೆಸುಗೆಯನ್ನು 2003ರಲ್ಲಿ ಅಮೆರಿಕದ ತಂಡವೊಂದು ಬಿಡಿಸಿಟ್ಟಿತು. ಅದರ ಒಂದು ಅರ್ಧದ ಹೆಸರು ಎಂಎಎಂಎಲ್2. ಅಡಿನಾಯ್ಡ್ ಸಿಸ್ಟಿಕ್ ಗಂಟಿನಲ್ಲಿ ಆರು ಮತ್ತು ಒಂಬತ್ತರ ನಡುವಿನ ಬೆಸುಗೆಯನ್ನು 2009ರಲ್ಲಿ ಸ್ಟೆನ್‌ಮನ್ ತಂಡವೇ ಕಂಡುಹಿಡಿಯಿತು. ಅಲ್ಲಿ ಎಂವೈಬಿ ಎಂಬ ಜೀನು ಕಡಿವಾಣ ಕಳಚಿಕೊಂಡು ಓಡುತ್ತದೆ. ಬಿಲ್‌ರೋತನ ಕೊಳವೆಗಳಿಗೆ ನೂರೈವತ್ತು ವರ್ಷದ ಮೇಲೆ ಒಂದು ಕಾರಣ ಸಿಕ್ಕಿತು.

ಕಾರಣ ಸಿಕ್ಕಿದ್ದೇ ಭವಿಷ್ಯ ಸಿಕ್ಕಿದಂತಲ್ಲ. ಎಂಎಎಂಎಲ್2 ಬೆಸುಗೆ ಇರುವ ರೋಗಿಗಳು ಇಲ್ಲದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದು 2006ರ ಸುಮಾರಿಗೆ ವರದಿಗಳು ಬಂದವು. ಒಳ್ಳೆಯ ಗುರುತು ಸಿಕ್ಕಿತೆಂದು ಎಲ್ಲರಿಗೂ ಸಂತೋಷ. ಹತ್ತು ವರ್ಷ ಹೋಗುವಷ್ಟರಲ್ಲಿ, 2016ರಲ್ಲಿ, ಅಮೆರಿಕದ ಸೀತಾಲಾ ಮತ್ತು ಕಿಯೋಸಿಯಾ ಅದನ್ನು ಭವಿಷ್ಯ ಹೇಳುವ ಗುರುತೆಂದು ಇನ್ನು ಎಣಿಸಬಾರದು ಎಂದು ಬರೆದರು. ಹಳೆಯ ಲೆಕ್ಕದಲ್ಲಿ ಬೆಸುಗೆಯಿಲ್ಲದ ಉಗ್ರ ಗಂಟುಗಳೆಂದು ಸೇರಿಸಿದ್ದವುಗಳಲ್ಲಿ ಹಲವು ಆ ಜಾತಿಯ ಕ್ಯಾನ್ಸರೇ ಅಲ್ಲ, ಬೇರೆ ಕ್ಯಾನ್ಸರುಗಳು ತಪ್ಪು ಹೆಸರಲ್ಲಿ ಕೂತಿದ್ದವು ಎಂಬ ಶಂಕೆ ಬಲವಾಗಿತ್ತು. ಕೆಟ್ಟ ಹುಡುಗರನ್ನು ಇನ್ನೊಂದು ಶಾಲೆಯ ಹಾಜರಿಯಲ್ಲಿ ಬರೆದು, ಆ ಶಾಲೆಯ ಫಲಿತಾಂಶ ಕಡಿಮೆ ಎಂದ ಹಾಗೆ. ಬೆಸುಗೆಯ ನಿಜವಾದ ಉಪಯೋಗ ರೋಗದ ಹೆಸರನ್ನು ಖಚಿತಪಡಿಸುವುದು. ಎಷ್ಟು ವರ್ಷ ಎಂಬುದಕ್ಕೆ ಇವತ್ತಿಗೂ ಗಂಟಿನ ಗಾತ್ರ, ಹರಡಿದ ಮಟ್ಟ, ಜೀವಕೋಶಗಳ ಉಗ್ರತೆ, ಅಂಚಿನಲ್ಲಿ ಏನಾದರೂ ಉಳಿಯಿತೇ ಎಂಬುದೇ ಹೆಚ್ಚು ನಂಬಿಕೆಯ ಸಾಕ್ಷಿ. ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನಲ್ಲಿ ನಾಚ್1 ಎಂಬ ಜೀನಿನ ಬದಲಾವಣೆ ಇದ್ದವರ ರೋಗ ಹೆಚ್ಚು ಉಗ್ರ ಎಂದು 2017ರಲ್ಲಿ ಹ್ಯೂಸ್ಟನ್ನಿನ ತಂಡ ತೋರಿಸಿತು. ಅದು ರೋಗಿಗಳಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ ಅನ್ವಯಿಸುವ ಮಾತು.

ಹೆಸರು ಸರಿಯಾಗುವುದರಿಂದಲೇ ಜೀವ ಉಳಿದ ಉದಾಹರಣೆಯೂ ಇದೆ. ಜೆಕ್ ದೇಶದ ಪಿಲ್ಸನ್ ನಗರದ ರೋಗಶಾಸ್ತ್ರಜ್ಞೆ ಅಲೆನಾ ಸ್ಕಾಲೋವಾ 2010ರಲ್ಲಿ ಹದಿನಾರು ಗಂಟುಗಳನ್ನು ವಿವರಿಸಿ ಇದು ಇಲ್ಲಿಯವರೆಗೆ ಯಾರೂ ಗುರುತಿಸದ ಕ್ಯಾನ್ಸರ್ ಎಂದರು. ಇಂಥವು ಅಲ್ಲಿಯವರೆಗೆ ಹೆಚ್ಚಾಗಿ ಅಸಿನಿಕ್ ಸೆಲ್ ಎಂಬ ಬೇರೆ ಹೆಸರಿನಲ್ಲಿ ಕಪಾಟಿನಲ್ಲಿದ್ದವು. ನೋಡಲು ಸ್ತನದ ಒಂದು ಅಪರೂಪದ ಕ್ಯಾನ್ಸರಿನ ಪಡಿಯಚ್ಚು, ಒಳಗಿನ ಬೆಸುಗೆಯೂ ಅದರದ್ದೇ: ಇಟಿವಿ6 ಮತ್ತು ಎನ್‌ಟಿಆರ್‌ಕೆ3. ವರ್ಗೀಕರಣ ಶಾಸ್ತ್ರದ ಸಣ್ಣ ತಿದ್ದುಪಡಿಯಂತೆ ಕಂಡ ಇದು ಎಂಟು ವರ್ಷದಲ್ಲಿ ಚಿಕಿತ್ಸೆಯಾಯಿತು. ಲಾರೊಟ್ರೆಕ್ಟಿನಿಬ್ ಎಂಬ ಗುಳಿಗೆ ಆ ಬೆಸುಗೆಯ ಕೆಲಸವನ್ನೇ ತಡೆಯುತ್ತದೆ. 2018ರ ಪ್ರಯೋಗದಲ್ಲಿ ಬೇರೆ ಬೇರೆ ಅಂಗಗಳ ಕ್ಯಾನ್ಸರಿದ್ದ 55 ರೋಗಿಗಳಿದ್ದರು, ಅವರಲ್ಲಿ 12 ಜನ ಜೊಲ್ಲುಗ್ರಂಥಿಯವರು. ಒಟ್ಟು ನಾಲ್ಕರಲ್ಲಿ ಮೂವರ ಗಂಟು ಕುಗ್ಗಿತು. ಅದೇ ನವೆಂಬರಿನಲ್ಲಿ ಅಮೆರಿಕದ ಔಷಧಿ ಇಲಾಖೆ ಅನುಮತಿ ಕೊಟ್ಟಿತು. ತಪ್ಪು ಹೆಸರಿನ ಗಂಟಿಗೆ ಈ ಗುಳಿಗೆಯನ್ನು ಯಾರೂ ಬರೆದುಕೊಡುವುದಿಲ್ಲ.

ಅತ್ಯಂತ ಉಗ್ರವಾದ ಸಲೈವರಿ ಡಕ್ಟ್ ಕ್ಯಾನ್ಸರಿನಲ್ಲಿ ಗುರುತು ಇನ್ನೂ ಕೈಗೆಟುಕುವಂಥದ್ದು. ಸುಮಾರು ಮೂರರಲ್ಲೊಂದರಲ್ಲಿ ಸ್ತನ ಕ್ಯಾನ್ಸರಿನಲ್ಲಿ ಕಾಣುವ ಹರ್2 ಎಂಬ ಪ್ರೋಟೀನು ಹೆಚ್ಚಿರುತ್ತದೆ, ಬಹುಪಾಲಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಹಾಗೆ ಗಂಡು ಹಾರ್ಮೋನಿನ ಗ್ರಾಹಕಗಳಿರುತ್ತವೆ. ಜಪಾನಿನಲ್ಲಿ ಹರ್2 ಇದ್ದ 57 ರೋಗಿಗಳಿಗೆ ಟ್ರಾಸ್ಟುಜುಮಾಬ್ ಮತ್ತು ಡೋಸಿಟ್ಯಾಕ್ಸೆಲ್ ಕೊಟ್ಟ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು, ಶೇಕಡಾ 70ರಷ್ಟು ಜನರಲ್ಲಿ ಗಂಟು ಕುಗ್ಗಿತ್ತು. ಟ್ರಾಸ್ಟುಜುಮಾಬಿನ ದೇಶೀ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲೇ ಭಾರತದ ಮಾರುಕಟ್ಟೆಗೆ ತಂದಿತ್ತು, ಸ್ತನ ಕ್ಯಾನ್ಸರಿಗೆಂದು. ಹರ್2 ಪರೀಕ್ಷೆಯೂ ಸ್ತನ ಕ್ಯಾನ್ಸರಿನ ಕಾರಣದಿಂದ ದೇಶದ ಮಧ್ಯಮ ದರ್ಜೆಯ ಲ್ಯಾಬುಗಳಲ್ಲೂ ಆಗುತ್ತದೆ. ಕಿವಿಯ ಕೆಳಗಿನ ಗಂಟಿಗೂ ಅದನ್ನು ಮಾಡಿಸಬೇಕೆಂದು ಯಾರಿಗಾದರೂ ಹೊಳೆಯಬೇಕು, ಅಷ್ಟೆ.

ಹೊಳೆಯುವುದು ಎಷ್ಟು ತಡವಾದರೂ ಒಂದು ಅನುಕೂಲವಿದೆ. ಆಪರೇಷನ್ನಿನಲ್ಲಿ ತೆಗೆದ ಗಂಟಿನ ತುಂಡನ್ನು ಲ್ಯಾಬಿನವರು ಮೇಣದ ಬಿಲ್ಲೆಯಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಬ್ಲಾಕು ಎಂದು ಕೇಳಿದರೆ ಕೊಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಮಾಮೂಲಿ ತಾಪದಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಹಳೆಯ ಗಂಟಿಗೆ ಹೊಸ ಹೆಸರು ಕೊಡುವ ಕೆಲಸವೆಲ್ಲ ನಡೆಯುವುದು ಇಂಥ ಬಿಲ್ಲೆಗಳಿಂದಲೇ. ಹಡಪಸರದ ಖೋಲಿ ಖಾಲಿ ಮಾಡಿ ಊರಿಗೆ ಹೊರಟವನ ಫೈಲಿನಲ್ಲಿ ಸ್ಕ್ಯಾನಿನ ದೊಡ್ಡ ಫಿಲ್ಮುಗಳು ಇದ್ದೇ ಇರುತ್ತವೆ. ಅವುಗಳ ಜೊತೆಗೆ ರೋಗಶಾಸ್ತ್ರದ ವರದಿ, ಬ್ಲಾಕು ಇರುವ ಲ್ಯಾಬಿನ ಹೆಸರು, ಅದರ ನಂಬರು ಇದ್ದರೆ ಏಳನೆಯ ವರ್ಷ ಕಲಬುರಗಿಯಲ್ಲಿ ಎದೆಯ ಎಕ್ಸ್-ರೇ ಹಿಡಿದು ನಿಂತ ವೈದ್ಯರಿಗೆ ಗುಳಿಗೆ ಬರೆಯುವ ಮೊದಲು ಕೇಳಲು ಒಂದು ಪ್ರಶ್ನೆ ಇರುತ್ತದೆ.